ಡಾಸ್ ಬಂತು, ಕನ್ನಡ ಮಾತ್ರ ಗೀಟಾಯಿತು

ಪ್ರಶ್ನೆ: ಡೊಂಬಿವಲಿಯ ಒಂದು ಕನ್ನಡ ಸಂಘದ ಗ್ರಂಥಾಲಯವನ್ನು ನಾನು ನೋಡಿಕೊಳ್ಳುತ್ತೇನೆ. ಸುಮಾರು ಆರು ಸಾವಿರ ಪುಸ್ತಕಗಳಿವೆ. ಅವುಗಳ ಪಟ್ಟಿ, ಸದಸ್ಯರ ವಿಳಾಸ ಎಲ್ಲವೂ 1993ರಿಂದ ಒಂದು ಡಾಸ್ (ವಿಂಡೋಸಿಗಿಂತ ಹಿಂದಿನ ವ್ಯವಸ್ಥೆ) ಕಂಪ್ಯೂಟರಿನಲ್ಲಿ ಕನ್ನಡದಲ್ಲೇ ಇತ್ತು. ಟೈಪ್ ಮಾಡಿದ ಹಿರಿಯರು ಈಗಿಲ್ಲ. ಹೋದ ಮಳೆಗಾಲದಲ್ಲಿ ಕಂಪ್ಯೂಟರ್ ಆನ್ ಆಗುವುದೇ ನಿಂತಿತು. ನನ್ನ ಅಕ್ಕನ ಮಗ ಹಾರ್ಡ್ ಡಿಸ್ಕ್ ಬಿಚ್ಚಿ ಫೈಲುಗಳನ್ನು ತೆಗೆದು, ತನ್ನ ಮ್ಯಾಕ್‌ಬುಕ್‌ನಲ್ಲಿ ಡಾಸ್‌ಬಾಕ್ಸ್ ಎಂಬ ಎಮ್ಯುಲೇಟರ್ ಹಾಕಿ ಆ ಪ್ರೋಗ್ರಾಮ್ ಓಡಿಸಿದ. ಇಂಗ್ಲಿಷ್ ಮೆನು ಚೆನ್ನಾಗಿ ಬಂತು. ಕನ್ನಡ ಇರಬೇಕಾದ ಕಡೆಯೆಲ್ಲ ಗೀಟು, ಮೂಲೆ, ಏನೇನೋ ಚಿಹ್ನೆ. ಫೋಟೋ ಕಳಿಸಿದ್ದೇನೆ. ಫೈಲು ಕೆಟ್ಟಿದೆಯಾ? ಬೇರೆ ಎಮ್ಯುಲೇಟರ್ ಬೇಕಾ? ಎಲ್ಲ ಹೊಸದಾಗಿ ಟೈಪ್ ಮಾಡಿಸಿ ಎನ್ನುತ್ತಿದ್ದಾರೆ ಕಮಿಟಿಯವರು.

ಉತ್ತರ: ಟೈಪ್ ಮಾಡಿಸಬೇಡಿ. ಫೈಲು ಕೆಟ್ಟಿಲ್ಲ. ನಿಮ್ಮ ಫೋಟೋದ ಮೂರನೇ ಸಾಲನ್ನು ನಾನು ಓದಿಯೂ ಬಿಟ್ಟೆ. ಹೇಗೆ ಅಂತ ಮುಂದೆ ಹೇಳುತ್ತೇನೆ. ಅದಕ್ಕೂ ಮೊದಲು ಒಂದು ಕೆಲಸ ಆಗಬೇಕು.

ಆ ಹಳೆಯ ಹಾರ್ಡ್ ಡಿಸ್ಕನ್ನು ಇನ್ನೊಮ್ಮೆ ಚಾಲೂ ಮಾಡಬೇಡಿ, ಅಂದರೆ ಸುಮ್ನೆ ನೋಡೋಣ ಅಂತ ಮಾಡಬೇಡಿ. ಅಕ್ಕನ ಮಗ ಬರೀ ಫೈಲುಗಳನ್ನು ಕಾಪಿ ಮಾಡಿದ್ದಾನೋ, ಇಡೀ ಡಿಸ್ಕಿನ ಇಮೇಜ್, ಅಂದರೆ ಪಡಿಯಚ್ಚು ತೆಗೆದಿದ್ದಾನೋ ಕೇಳಿ. ಫೈಲು ಮಾತ್ರ ಅಂದರೆ, ಮುಂದಿನ ಸಲ ಡಿಸ್ಕ್ ತಿರುಗುವುದು ಇಮೇಜ್ ತೆಗೆಯುವುದಕ್ಕೇ ಆಗಿರಲಿ. ಡಿಡಿರೆಸ್ಕ್ಯೂ ಎಂಬ ಉಚಿತ ಸಾಧನ ಇದೆ. ಅದು ಮೊದಲು ಸಲೀಸಾಗಿ ಓದಲು ಬರುವ ಭಾಗವನ್ನೆಲ್ಲ ತೆಗೆದುಕೊಂಡು, ಕಷ್ಟದ ಜಾಗಗಳಿಗೆ ಆಮೇಲೆ ಕೈ ಹಾಕುತ್ತದೆ. ಹಳೆಯ ಐಡಿಇ ಡಿಸ್ಕನ್ನು ಯುಎಸ್‌ಬಿಗೆ ಜೋಡಿಸುವ ಅಡಾಪ್ಟರ್ ನಿಮ್ಮ ಮುಂಬಯಿಯ ಎಲೆಕ್ಟ್ರಾನಿಕ್ಸ್ ಪೇಟೆ ಲ್ಯಾಮಿಂಗ್ಟನ್ ರೋಡಿನಲ್ಲಿ ಕೇಳಿದರೆ ಸಿಗುತ್ತದೆ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ನನ್ನದೇ ತಪ್ಪು. ಇಲ್ಲಿ ಪುಣೆಯಲ್ಲಿ ಕುಂದಾಪುರದ ಒಬ್ಬ ಹೋಟೆಲ್ ಮಾಲೀಕರ ಹಳೆಯ ಲೆಕ್ಕದ ಡಿಸ್ಕ್ ನನ್ನ ಕೈಗೆ ಬಂದಿತ್ತು. ಹಾಕಿದೆ, ಓಡಿತು. ಖುಷಿಯಲ್ಲಿ ಅವರನ್ನು ಕರೆದು ತೋರಿಸಿದೆ. ಅವರ ಮಗ ಬಂದ, ಅವನಿಗೂ ತೋರಿಸಿದೆ. ನಾಲ್ಕು ಸಲ ತೋರಿಸಿದ ಮೇಲೆ ಐದನೇ ಸಲ ಡಿಸ್ಕ್ ಟಕ್ ಟಕ್ ಅಂತ ಎರಡು ಸದ್ದು ಮಾಡಿ ಸುಮ್ಮನಾಯಿತು. ಹನ್ನೊಂದು ವರ್ಷದ ಲೆಕ್ಕ. ಕಾಪಿ ತೆಗೆದಿರಲಿಲ್ಲ. ಅವರು ಬೈಯಲಿಲ್ಲ, ಕಾಫಿ ತರಿಸಿದರು. ಬೈದಿದ್ದರೇ ಚೆನ್ನಾಗಿತ್ತು.

ಸರಿ, ಈಗ ನಿಮ್ಮ ಗೀಟುಗಳಿಗೆ ಬರೋಣ.

ಎಮ್ಯುಲೇಟರ್ ಅಂದರೆ ವೇಷ. ನಿಮ್ಮ ಹುಡುಗನ ಮ್ಯಾಕ್‌ಬುಕ್ಕಿಗೂ 1993ರ ಪಿಸಿಗೂ ಏನೂ ಸಂಬಂಧವಿಲ್ಲ. 2020ರ ಕೊನೆಯಿಂದ ಆಪಲ್ ಮ್ಯಾಕ್‌ಗಳಿಗೆ ಹಾಕುತ್ತಿರುವ ಚಿಪ್ ಆರ್ಮ್ ಜಾತಿಯದು. ನಿಮ್ಮ ಪ್ರೋಗ್ರಾಮ್ ಬರೆದದ್ದು ಇಂಟೆಲ್ 8086ರ ವಂಶದ ಚಿಪ್ಪಿಗೆ. ಒಂದರ ಆಜ್ಞೆ ಇನ್ನೊಂದಕ್ಕೆ ಅರ್ಥವೇ ಆಗುವುದಿಲ್ಲ. ಡಾಸ್‌ಬಾಕ್ಸ್ ನಡುವೆ ನಿಂತು, ಮ್ಯಾಕಿನ ಮೆಮೊರಿಯಲ್ಲಿ ಒಂದು ತುಂಡನ್ನು ಬೇರೆ ಇಟ್ಟುಕೊಂಡು, ‘ಇದೇ ಆ ಹಳೆಯ ಪಿಸಿಯ ಮೆಮೊರಿ’ ಎಂದು ನಟಿಸುತ್ತದೆ. ಪ್ರೋಗ್ರಾಮಿನ ಒಂದೊಂದು ಆಜ್ಞೆಯನ್ನೂ ಓದಿ, 8086 ಇದ್ದಿದ್ದರೆ ಏನು ಮಾಡುತ್ತಿತ್ತೋ ಅದನ್ನು ತಾನು ಮಾಡಿ ತೋರಿಸುತ್ತದೆ. ಪ್ರೋಗ್ರಾಮಿಗೆ ತಾನು ಎಲ್ಲಿದ್ದೇನೆ ಅನ್ನುವುದೇ ತಿಳಿಯುವುದಿಲ್ಲ.

ಒಂದು ಅಕ್ಷರ ಪರದೆಗೆ ಬರುವುದನ್ನು ನಿಧಾನವಾಗಿ ನೋಡಿ, ನಿಮ್ಮ ತೊಂದರೆ ಅಲ್ಲೇ ಇದೆ. ಡಾಸ್ ಪ್ರೋಗ್ರಾಮ್ ಅಕ್ಷರದ ಚಿತ್ರ ಬಿಡಿಸುವುದಿಲ್ಲ. ಮೆಮೊರಿಯಲ್ಲಿ ಬಿ8000 ಅಂತ ಒಂದು ಜಾಗ ಇದೆ. ಬಣ್ಣದ ಪರದೆಯ ಮೇಲೆ ಕಾಣಬೇಕಾದ ಅಕ್ಷರಗಳ ನಂಬರುಗಳನ್ನು ಅಲ್ಲಿ ಬರೆದು ಕೈತೊಳೆದುಕೊಳ್ಳುತ್ತದೆ. 65 ಬರೆದರೆ ಇಂಗ್ಲಿಷಿನ ಎ. 179 ಬರೆದರೆ? ಅದನ್ನು ತೀರ್ಮಾನಿಸುವುದು ಡಿಸ್ಪ್ಲೇ ಕಾರ್ಡ್. ಮಾಮೂಲಿ ಐಬಿಎಂ ಪಿಸಿಯ ಕಾರ್ಡಿನಲ್ಲಿ 179 ಅಂದರೆ ನೆಟ್ಟಗೆ ನಿಂತ ಒಂದು ಗೀಟು. ಡಬ್ಬಿ, ಕೋಷ್ಟಕ ಬರೆಯಲಿ ಅಂತ ಇಟ್ಟ ಗೀಟು ಅದು. ಡಾಸ್‌ಬಾಕ್ಸ್ ಅನುಕರಿಸುವುದು ಈ ಮಾಮೂಲಿ ಕಾರ್ಡನ್ನು. ಹಾಗಾಗಿ ನಿಮಗೆ ಕಂಡದ್ದು ಗೀಟು. ಡಾಸ್‌ಬಾಕ್ಸ್ ತನ್ನ ಕೆಲಸವನ್ನು ಚಾಚೂ ತಪ್ಪದೆ ಮಾಡಿದೆ.

ಆದರೆ ನಿಮ್ಮ ಸಂಘದ ಪಿಸಿ ಮಾಮೂಲಿ ಪಿಸಿ ಆಗಿರಲಿಲ್ಲ. ಕ್ಯಾಬಿನೆಟ್ ಬಿಚ್ಚಿ ನೋಡಿ. ಒಳಗೆ ಸ್ಲಾಟಿನಲ್ಲಿ ಒಂದು ಹೆಚ್ಚುವರಿ ಕಾರ್ಡ್ ಇರಬೇಕು. ಅದು ಜಿಸ್ಟ್ ಕಾರ್ಡ್ ಅಂತ ನನ್ನ ಲೆಕ್ಕ. ಆ ಕಾಲದಲ್ಲಿ ಡಾಸ್ ಪರದೆಯ ಮೇಲೆ ಫಾಕ್ಸ್‌ಪ್ರೊದಂಥ, ಪಟ್ಟಿ ಇಡುವ ಇಂಗ್ಲಿಷ್ ಪ್ರೋಗ್ರಾಮಿನೊಳಗೇ ಕನ್ನಡ ಬರಬೇಕಿದ್ದರೆ ಹೆಚ್ಚಿನ ಕಡೆ ಅದೇ ಇರುತ್ತಿತ್ತು. ಮೊದಲು ಐಐಟಿ ಕಾನ್ಪುರದಲ್ಲಿ ಹುಟ್ಟಿದ ಕೆಲಸ. 1988ರಲ್ಲಿ ನಮ್ಮ ಪುಣೆಯಲ್ಲಿ ಸಿ-ಡ್ಯಾಕ್ ಎಂಬ ಸರಕಾರಿ ಕಂಪ್ಯೂಟರ್ ಸಂಸ್ಥೆ ಶುರುವಾದಾಗ ಇಲ್ಲಿಗೆ ಬಂತು. ಪರಮ್ ಸೂಪರ್ ಕಂಪ್ಯೂಟರಿನ ಹೆಸರು ಎಲ್ಲರಿಗೂ ಗೊತ್ತು, ಅದೇ ಸಂಸ್ಥೆಯ ಈ ಕಾರ್ಡಿನ ಹೆಸರು ಯಾರ ಬಾಯಲ್ಲೂ ಇಲ್ಲ. ನನ್ನ ಕೇಳಿದರೆ ಊರೂರಿನ ಆಫೀಸುಗಳಿಗೆ ಜಾಸ್ತಿ ಉಪಯೋಗಕ್ಕೆ ಬಿದ್ದದ್ದು ಈ ಕಾರ್ಡೇ.

ಈ ಕಾರ್ಡ್ ಇದ್ದ ಪಿಸಿಯಲ್ಲಿ ಪ್ರೋಗ್ರಾಮ್ 179 ಅಂತ ಬರೆದರೆ ಪರದೆಯ ಮೇಲೆ ‘ಕ’ ಬರುತ್ತಿತ್ತು. ಒತ್ತಕ್ಷರ, ಗುಣಿತ ಎಲ್ಲವನ್ನೂ ಕಾರ್ಡೇ ಜೋಡಿಸಿ ಬಿಡಿಸುತ್ತಿತ್ತು. ಅಂದರೆ ನಿಮ್ಮ ಪ್ರೋಗ್ರಾಮಿಗೆ ಕನ್ನಡವೇ ಬರುತ್ತಿರಲಿಲ್ಲ. ಅದು ನಂಬರು ಇಡುತ್ತಿತ್ತು, ನಂಬರು ತೆಗೆಯುತ್ತಿತ್ತು. ಕನ್ನಡ ಬರುತ್ತಿದ್ದದ್ದು ಕಾರ್ಡಿಗೆ. ಈಗ ವೇಷ ರಂಗಸ್ಥಳಕ್ಕೆ ಬಂದಿದೆ, ಕುಣಿಯುತ್ತಲೂ ಇದೆ. ಭಾಗವತರು ಮಾತ್ರ ಬಂದಿಲ್ಲ.

ಬೇರೆ ಎಮ್ಯುಲೇಟರ್ ಹಾಕಿದರೆ ಆಗುತ್ತದಾ ಅಂತ ಕೇಳಿದ್ದೀರಿ. ಎಮ್ಯುಲೇಟರ್ ಬರೆಯುವವರು ಎಲ್ಲರ ಮನೆಯಲ್ಲೂ ಇದ್ದ ಯಂತ್ರವನ್ನು ಅನುಕರಿಸುತ್ತಾರೆ. ನಿಮ್ಮ ಒಬ್ಬರ ಯಂತ್ರದಲ್ಲಿ ಮಾತ್ರ ಇದ್ದದ್ದನ್ನಲ್ಲ. ಡಾಸ್‌ಬಾಕ್ಸ್ 2002ರಲ್ಲಿ ಹೊರಬಂದದ್ದೇ ಹಳೆಯ ಗೇಮುಗಳಿಗಾಗಿ, ಆದ್ದರಿಂದ ಸೌಂಡ್ ಬ್ಲಾಸ್ಟರ್ ಕಾರ್ಡನ್ನು ಅದು ಕಣ್ಣಿಗೆ ಒತ್ತಿಕೊಳ್ಳುವ ಹಾಗೆ ನಟಿಸುತ್ತದೆ. ಜಿಸ್ಟ್ ಕಾರ್ಡ್ ಅದಕ್ಕೆ ಗೊತ್ತಿಲ್ಲ. 86ಬಾಕ್ಸ್ ಎಂಬುದು ಇನ್ನೂ ಆಳಕ್ಕೆ ಹೋಗಿ, ಇಂಥ ಮದರ್‌ಬೋರ್ಡು, ಇಂಥ ಚಿಪ್‌ಸೆಟ್ಟು ಅಂತ ಹೆಸರಿಟ್ಟು ಅನುಕರಿಸುತ್ತದೆ. ಅದರಲ್ಲಿ ಹಾಕಿದರೂ ನಿಮಗೆ ಇನ್ನೂ ಅಚ್ಚುಕಟ್ಟಾದ ಗೀಟುಗಳು ಕಾಣುತ್ತವೆ, ಅಷ್ಟೇ. ಬರೀ ಫಾಂಟ್ ಬದಲಾಯಿಸಿದರೂ ಸಾಲದು. ಡಾಸ್ ಪರದೆಯಲ್ಲಿ ಒಂದು ನಂಬರಿಗೆ ಒಂದು ಚೌಕ. ‘ಸ್ತ್ರೀ’ ಅನ್ನುವುದನ್ನು ಹಾಗೆ ಚೌಕಚೌಕವಾಗಿ ಕತ್ತರಿಸಿ ಇಡಲು ಬರುವುದಿಲ್ಲ.

ಹೊಸ ವಿಂಡೋಸ್ ಲ್ಯಾಪ್‌ಟಾಪ್ ಕೊಂಡರೂ ಇದೇ ಕಥೆ, ಇನ್ನೂ ಕಡೆ. ವಿಂಡೋಸ್ 11 ಬರುವುದೇ 64 ಬಿಟ್‌ನಲ್ಲಿ, ಅದರಲ್ಲಿ ಡಾಸ್ ಪ್ರೋಗ್ರಾಮ್ ನೇರವಾಗಿ ತೆರೆಯುವುದೇ ಇಲ್ಲ. ಅಲ್ಲೂ ಡಾಸ್‌ಬಾಕ್ಸೇ ಗತಿ.

ಇದೇನೂ ನಿಮ್ಮೊಬ್ಬರ ಗೋಳಲ್ಲ, ಹಳೆಯ ಗೋಳು. 1964ರಲ್ಲಿ ಐಬಿಎಂ ತನ್ನ ಹೊಸ ಯಂತ್ರ ಸಿಸ್ಟಮ್/360 ತಂದಾಗ ಗ್ರಾಹಕರು ಮೊದಲು ಕೇಳಿದ್ದು, ನಮ್ಮ ಹಳೆಯ ಐಬಿಎಂ 1401 ಯಂತ್ರದ ಪ್ರೋಗ್ರಾಮುಗಳ ಗತಿಯೇನು ಅಂತ. 1401 ಬಂದು ಆಗ ಐದೇ ವರ್ಷ. ಹೊಸ ಯಂತ್ರವೇ ಹಳೆಯದರ ವೇಷ ಹಾಕುವ ಏರ್ಪಾಡು ಮಾಡಿಕೊಟ್ಟರು. ಎಮ್ಯುಲೇಟರ್ ಎಂಬ ಹೆಸರು ಕಂಪ್ಯೂಟರ್ ಲೋಕದಲ್ಲಿ ನಿಂತದ್ದು ಆಗಲೇ.

ಈಗ ನಾನು ನಿಮ್ಮನ್ನು ಕೇಳಬೇಕಾದ ಪ್ರಶ್ನೆ. ನಿಮಗೆ ಬೇಕಾಗಿರುವುದು ಆ ಪ್ರೋಗ್ರಾಮಾ, ಅದರೊಳಗಿರುವ ಪಟ್ಟಿಯಾ? ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರು ಪ್ರೋಗ್ರಾಮ್ ಓಡಿಸಿಕೊಡಿ ಅಂತಲೇ ಬರುತ್ತಾರೆ. ಮಾತಾಡಿಸಿದರೆ ಬೇಕಾಗಿರುವುದು ಪಟ್ಟಿ. ಪ್ರೋಗ್ರಾಮ್ ಬರೀ ಕಪಾಟು. ನಿಮ್ಮ ಕಪಾಟಿನ ಬಾಗಿಲು ಆಗಲೇ ತೆಗೆದಿದೆ, ಪುಸ್ತಕ ಹೊರಗೆ ತೆಗೆದುಕೊಳ್ಳಬಹುದು.

ಪ್ರೋಗ್ರಾಮಿನ ಫೋಲ್ಡರಿನಲ್ಲಿ ಹೆಸರಿನ ಕೊನೆಗೆ ಡಿಬಿಎಫ್ ಅಂತಿರುವ ಫೈಲುಗಳನ್ನು ಹುಡುಕಿ. ಅಲ್ಲೇ ಇದೆ ಎಲ್ಲ. ಡಿಬಿಎಫ್‌ನಷ್ಟು ಮರ್ಯಾದಸ್ಥ ಫೈಲು ಇನ್ನೊಂದಿಲ್ಲ. ಶುರುವಿನಲ್ಲಿ ಯಾವ ಯಾವ ಕಾಲಮ್ಮು, ಯಾವುದು ಎಷ್ಟು ಅಗಲ ಅಂತ ಬರೆದುಕೊಂಡಿರುತ್ತದೆ. ಆಮೇಲೆ ಒಂದೇ ಅಳತೆಯ ಸಾಲುಗಳು, ಒಂದರ ಹಿಂದೆ ಒಂದು. ಇನ್ನೊಂದು ಗುಣವೂ ಇದೆ. ಡಿಲೀಟ್ ಮಾಡಿದ ಸಾಲು ಹೋಗುವುದಿಲ್ಲ. ಅದರ ತಲೆಗೆ ಒಂದು ನಕ್ಷತ್ರ ಚಿಹ್ನೆ ಬೀಳುತ್ತದೆ, ಪ್ಯಾಕ್ ಆಜ್ಞೆ ಕೊಡುವವರೆಗೂ ಅಲ್ಲೇ ಕೂತಿರುತ್ತದೆ. 1990ರ ದಶಕದಲ್ಲಿ ಕಳೆದುಹೋದವು ಅಂತ ತೆಗೆದುಹಾಕಿದ ಪುಸ್ತಕಗಳ ಹೆಸರು ಕೂಡ ನಿಮಗೆ ಸಿಗಬಹುದು. ಯಾರು ಒಯ್ದಿದ್ದರು ಅನ್ನುವುದು ಸಿಕ್ಕಿದರೆ ಅದು ನಿಮ್ಮ ಸಂಘದ ಒಳಗಿನ ವಿಷಯ.

ಇನ್ನು ಆ ಮೂರನೇ ಸಾಲು. ಫೋಟೋದಲ್ಲಿ ಎಡದಿಂದ ನೋಡಿ. ನೆಟ್ಟಗಿನ ಒಂದು ಗೀಟು. ಆಮೇಲೆ ಬಲಕ್ಕೆ ಎರಡು ಕಡ್ಡಿ ಚಾಚಿದ ಗೀಟು. ಆಮೇಲೆ ಗ್ರೀಕರ ಫೈ, ಸೊನ್ನೆಯ ನಡುವೆ ಕಡ್ಡಿ ಚುಚ್ಚಿದ ಹಾಗೆ. ಮತ್ತೆ ಅದೇ ಎರಡು ಕಡ್ಡಿಯ ಗೀಟು. ಕೊನೆಗೆ ಡಬ್ಬಿಯ ಬಲಗಡೆ ಮೇಲ್ಮೂಲೆ. ಐಬಿಎಂ ಪಟ್ಟಿಯಲ್ಲಿ ಇವುಗಳ ನಂಬರು 179, 198, 232, 198, 191. ಎರಡನೆಯದೂ ನಾಲ್ಕನೆಯದೂ ಒಂದೇ. ಸಂಘದ ಗ್ರಂಥಾಲಯದಲ್ಲಿ ಅತಿ ಹೆಚ್ಚು ಸಲ ಬರುವ ಪದ ಯಾವುದು ಹೇಳಿ? ಕ, ನ, ಅರ್ಧಾಕ್ಷರದ ಗುರುತು, ನ, ಡ. ‘ಕನ್ನಡ’.

ಇದು ಇಸ್ಕಿ ಎಂಬ ಸಂಕೇತ. ಭಾರತೀಯ ಮಾನಕ ಬ್ಯೂರೋ 1991ರಲ್ಲಿ ಐಎಸ್ 13194 ಅಂತ ಒಪ್ಪಿಕೊಂಡದ್ದು. ಇದರ ಚಂದ ಏನೆಂದರೆ, ಬ್ರಾಹ್ಮಿಯಿಂದ ಬಂದ ಭಾರತದ ಲಿಪಿಗಳಿಗೆಲ್ಲ ಒಂದೇ ನಂಬರು. 179 ಕನ್ನಡದಲ್ಲಿ ಕ, ಮರಾಠಿಯಲ್ಲಿ ಕ, ಗುಜರಾತಿಯಲ್ಲೂ ಕ. ಕಾರ್ಡಿಗೆ ಯಾವ ಲಿಪಿ ಅಂತ ಹೇಳಿದರೆ ಆ ಲಿಪಿಯಲ್ಲಿ ಬಿಡಿಸುತ್ತಿತ್ತು. ಮುಂಬಯಿಯ ಸಂಘಕ್ಕೆ ಇದಕ್ಕಿಂತ ಬೇಕೇ? ಸದಸ್ಯರ ಪಟ್ಟಿ ಕನ್ನಡದಲ್ಲಿ ಇಟ್ಟುಕೊಂಡು, ಪೋಸ್ಟ್‌ಮನ್ನನಿಗಾಗಿ ಲಕೋಟೆಯ ಮೇಲೆ ಅದೇ ವಿಳಾಸವನ್ನು ದೇವನಾಗರಿಯಲ್ಲಿ ಹೊಡೆಸಬಹುದಿತ್ತು.

ನಿಮ್ಮ ಬೇರೆ ಫೈಲುಗಳಲ್ಲಿ ಗೀಟಿನ ಬದಲು ತಲೆಯ ಮೇಲೆ ಚುಕ್ಕಿ, ಟೋಪಿ ಇಟ್ಟ ಯುರೋಪಿನ ಅಕ್ಷರಗಳು ಕಂಡರೆ ಗಾಬರಿ ಬೀಳಬೇಡಿ. ಪಿಸಿ-ಇಸ್ಕಿ ಅಂತ ಇನ್ನೊಂದು ರೂಪ ಇತ್ತು. ಡಬ್ಬಿ ಬರೆಯುವ ಗೀಟುಗಳು ಪ್ರೋಗ್ರಾಮುಗಳಿಗೆ ಬೇಕಲ್ಲ, ಅವನ್ನು ಮುಟ್ಟದೆ ನಮ್ಮ ಅಕ್ಷರಗಳನ್ನು ಆಚೀಚೆ ಸರಿಸಿದ್ದರು. ನಂಬರು ಬೇರೆ ಆಗುತ್ತದೆ, ನಡೆ ಬೇರೆ ಆಗುವುದಿಲ್ಲ. ಐದರಲ್ಲಿ ಎರಡನೆಯದು ನಾಲ್ಕನೆಯದು ಒಂದೇ ಇರುವ ತುಂಡು ಪದೇ ಪದೇ ಬಂದರೆ ಅದೇ ‘ಕನ್ನಡ’. ಅಲ್ಲಿಂದ ಮೂರು ಅಕ್ಷರ, ಒಂದು ಗುರುತು ಸಿಕ್ಕಿತು. ಒಂದು ಗೊತ್ತಿರುವ ಪುಸ್ತಕದ ಹೆಸರು, ಎರಡು ಶೆಟ್ಟರು, ಒಬ್ಬ ಪೂಜಾರಿಯವರು ಸಿಕ್ಕರೆ ಅರ್ಧ ವರ್ಣಮಾಲೆ ಕೈಗೆ ಬಂದ ಹಾಗೆ.

ಪರಿವರ್ತನೆಯ ಕೆಲಸ ಅಕ್ಕನ ಮಗನಿಗೆ ಬಿಡಿ. ಒಂದು ಸಂಜೆಯ ಕೆಲಸ. ಅವನಿಗೆ ಹೀಗೆ ಹೇಳಿ: ವಿಂಡೋಸ್‌ನಲ್ಲಿ ಕನ್ನಡ ಇಸ್ಕಿಗೆ ಕೋಡ್ ಪೇಜ್ 57008 ಇದೆ. ಐಸಿಯು ಎಂಬ ಪ್ರೋಗ್ರಾಮಿಂಗ್ ಲೈಬ್ರರಿಗೂ ಇಸ್ಕಿ ಗೊತ್ತು. ಅಥವಾ ಪೈಥಾನ್‌ನಲ್ಲಿ ತಾನೇ ಒಂದು ಪಟ್ಟಿ ಬರೆದುಕೊಳ್ಳಲಿ, 179 ಬಂದರೆ ಇವತ್ತಿನ ಕಂಪ್ಯೂಟರುಗಳ ಸಂಕೇತವಾದ ಯುನಿಕೋಡಿನ ಕ, 198 ಬಂದರೆ ನ, ಹೀಗೆ. ಇಸ್ಕಿಯಲ್ಲೂ ಯುನಿಕೋಡಿನಲ್ಲೂ ಉಚ್ಚಾರದ ಕ್ರಮದಲ್ಲೇ ಅಕ್ಷರ ಕೂರುವುದರಿಂದ ಹಿಂದೆ ಮುಂದೆ ಮಾಡುವ ತಾಪತ್ರಯ ಇಲ್ಲ. ಫೈಲನ್ನು ಬೈಟ್ ಬೈಟಾಗಿಯೇ, ಅಂದರೆ ಒಂದೊಂದೇ ನಂಬರಾಗಿ ಓದಬೇಕು ಅನ್ನುವುದನ್ನು ಮಾತ್ರ ಮರೆಯದಿರಲಿ.

ಆದರೂ ಮೂರು ಕಡೆ ಕಾಲು ಜಾರುತ್ತದೆ. ಅವನು ಮಾಡಿದ ಮೇಲೆ ನೀವೇ ಕೂತು ನೋಡಬೇಕಾದ ಜಾಗಗಳು ಇವು.

ವಿಳಾಸದ ಕಾಲಮ್ಮಿನಲ್ಲಿ ‘ಲೋವರ್‌ಪರೇಲ್’ ಹುಡುಕಿ. ಟೈಪ್ ಮಾಡಿದ ಹಿರಿಯರು ಜಾಣರಾಗಿದ್ದರೆ ಅಲ್ಲಿ 232 ಎರಡು ಸಲ ಇರುತ್ತದೆ. ಇಸ್ಕಿಯಲ್ಲಿ ಎರಡು 232 ಅಂದರೆ ‘ಮುಂದಿನದನ್ನು ಒತ್ತು ಮಾಡಬೇಡ’ ಅಂತ. ಯುನಿಕೋಡಿಗೆ ಹೋಗುವಾಗ ಎರಡನೆಯದರ ಜಾಗದಲ್ಲಿ ಕಣ್ಣಿಗೆ ಕಾಣದ ಒಂದು ಬೇರ್ಪಡಿಕೆ ಚಿಹ್ನೆ ಬರಬೇಕು. ಹುಡುಗ ಇದನ್ನು ಬಿಟ್ಟರೆ ‘ಲೋವರ್ಪರೇಲ್’ ಆಗುತ್ತದೆ. ಓದಬಹುದು, ಆದರೆ ನಾಳೆ ಹುಡುಕಿದರೆ ಸಿಗುವುದಿಲ್ಲ.

ಎರಡನೆಯದು ಮರಾಠಿ ಹೆಸರುಗಳು. ನಮ್ಮಲ್ಲಿ ಎ, ಏ ಎರಡಿವೆ. ಮರಾಠಿಯವರಿಗೆ ಒಂದೇ, ಅದನ್ನು ಇಸ್ಕಿ ನಮ್ಮ ದೀರ್ಘದ ನಂಬರಿನಲ್ಲಿ ಇಟ್ಟಿದೆ. ಯಾರಾದರೂ ಕಾರ್ಡನ್ನು ದೇವನಾಗರಿಗೆ ಇಟ್ಟು ಟೈಪ್ ಮಾಡಿದ ಸಾಲುಗಳಿದ್ದರೆ ಅವು ಕನ್ನಡಕ್ಕೆ ಬರುವಾಗ ‘ದೇಶಪಾಂಡೇ’, ‘ಗೋಖಲೇ’ ಅಂತ ಕೊನೆ ಎಳೆದುಕೊಂಡು ಬರುತ್ತವೆ. ಅಂಥವು ಕಂಡರೆ ಅದು ತಪ್ಪಲ್ಲ, ಆ ಸಾಲು ಯಾವ ಲಿಪಿಯಲ್ಲಿ ಹುಟ್ಟಿತು ಅನ್ನುವುದರ ಗುರುತು. ಕೈಯಲ್ಲಿ ತಿದ್ದಿಕೊಳ್ಳಿ.

ಮೂರನೆಯದು ಜಾಸ್ತಿ ಅಪಾಯದ್ದು. ಪರಿವರ್ತನೆ ಆದ ಕನ್ನಡವನ್ನು ಮತ್ತೆ ಅದೇ ಡಿಬಿಎಫ್ ಫೈಲಿಗೆ ತುಂಬಿಸಲು ಹೋಗಬೇಡಿ. ‘ಕನ್ನಡ’ ಇಸ್ಕಿಯಲ್ಲಿ 5 ಬೈಟ್. ಯುನಿಕೋಡನ್ನು ಫೈಲಿನಲ್ಲಿ ಬರೆಯುವ ಇವತ್ತಿನ ಯುಟಿಎಫ್-8ರಲ್ಲಿ 15. ಡಿಬಿಎಫ್ ಕಾಲಮ್ಮಿನ ಅಗಲ ಮೊದಲೇ ಗೊತ್ತುಪಡಿಸಿದ್ದು, 30 ಅಂದರೆ 30. ಉದ್ದದ ಹೆಸರುಗಳೆಲ್ಲ ನಡುವೆಯೇ ಕತ್ತರಿಸಿಹೋಗುತ್ತವೆ, ಅದೂ ಏನೂ ಹೇಳದೆ. ಹೊಸ ಸ್ಪ್ರೆಡ್‌ಶೀಟಿಗೆ ಹಾಕಿ. ಲಿಬ್ರೆಆಫೀಸ್ ಸಾಕು, ದುಡ್ಡು ಖರ್ಚಿಲ್ಲ.

ಪ್ರೋಗ್ರಾಮನ್ನೂ ಓಡಿಸಿಟ್ಟುಕೊಳ್ಳುವ ಆಸೆ ಇದ್ದರೆ ಇಟ್ಟುಕೊಳ್ಳಿ, ಬೇಡ ಅನ್ನುವುದಿಲ್ಲ. ಯಾವ ಪುಸ್ತಕ ಯಾವ ವಿಭಾಗ ಅನ್ನುವ ಲೆಕ್ಕ ಮೆನುವಿನಲ್ಲಿ ಅಡಗಿರುತ್ತದೆ, ಹೋಲಿಸಿ ನೋಡಲು ಬೇಕಾಗುತ್ತದೆ. ಫೋಲ್ಡರಿನ ಕಾಪಿಯನ್ನು ಮಾತ್ರ ಡಾಸ್‌ಬಾಕ್ಸಿಗೆ ತೋರಿಸಿ, ಮೂಲವನ್ನಲ್ಲ. ನಿಧಾನ ಅನ್ನಿಸಿದರೆ ಕಂಟ್ರೋಲ್ ಮತ್ತು ಎಫ್12 ಒತ್ತುತ್ತಾ ಹೋಗಿ. ಇಂಥ ಪ್ರೋಗ್ರಾಮುಗಳಿಗೆ ಡಾಸ್‌ಬಾಕ್ಸ್ ಬೇಕೆಂದೇ ಹಳೆಯ ವೇಗದಲ್ಲಿ ಶುರುಮಾಡುತ್ತದೆ, ಗೇಮುಗಳು ಹುಚ್ಚುಕುದುರೆಯ ಹಾಗೆ ಓಡಬಾರದು ಅಂತ. ಮ್ಯಾಕ್‌ಬುಕ್ಕಿನಲ್ಲಿ ಎಫ್12ಕ್ಕೆ ಜೊತೆಗೆ ಎಫ್‌ಎನ್ ಕೀಲಿಯೂ ಬೇಕಾಗಬಹುದು. ಪ್ರಿಂಟ್ ಬೇಕಿದ್ದರೆ ಡಾಸ್‌ಬಾಕ್ಸ್-ಎಕ್ಸ್ ಎಂಬ ಇನ್ನೊಂದು ಕವಲು ಹಾಕಿಕೊಳ್ಳಿ, ಅದರಲ್ಲಿ ಪ್ರಿಂಟರಿನ ವೇಷವೂ ಇದೆ. ಎಂಎಸ್-ಡಾಸ್ ಬೇರೆ ಹುಡುಕಬೇಕಾಗಿಲ್ಲ, ಡಾಸ್‌ಬಾಕ್ಸಿನ ಒಳಗೇ ಅದರದ್ದೇ ಡಾಸ್ ಇದೆ.

ಫ್ಲಾಪಿಗಳ ಡಬ್ಬಿ ಇದ್ದರೆ ಒಂದು ಎಚ್ಚರಿಕೆ. ಮುಂಬಯಿ ಮಳೆಗೆ ಫ್ಲಾಪಿಯೊಳಗೆ ಬೂಷ್ಟು ಹಿಡಿಯುತ್ತದೆ. ಶಟರ್ ಸರಿಸಿ, ಬೆಳಕಿಗೆ ಹಿಡಿದು ನೋಡಿ. ಬಿಳಿ ಕಲೆ ಕಂಡದ್ದನ್ನು ಡ್ರೈವಿಗೆ ಹಾಕಬೇಡಿ. ಅದರ ಬೂಷ್ಟು ಡ್ರೈವಿನ ಹೆಡ್ಡಿಗೆ ಅಂಟಿ, ಮುಂದೆ ಹಾಕುವ ಒಳ್ಳೆಯ ಫ್ಲಾಪಿಯನ್ನೂ ಕೆರೆಯುತ್ತದೆ. ಯುಎಸ್‌ಬಿ ಫ್ಲಾಪಿ ಡ್ರೈವು ಮೂರೂವರೆ ಇಂಚಿನದಕ್ಕೆ ಮಾತ್ರ. ದೊಡ್ಡ, ಬಾಗುವ ಫ್ಲಾಪಿ ಇದ್ದರೆ ಬೇರೆ ಮಾಡಿ ಇಡಿ, ಅದಕ್ಕೆ ಹಳೆಯ ಡ್ರೈವೇ ಬೇಕು.

ಆ ಸತ್ತ ಪಿಸಿಯನ್ನು ಗುಜರಿಯವನಿಗೆ ಕೊಡಬೇಡಿ. ಎಷ್ಟೋ ಸಲ ಸತ್ತಿರುವುದು ಎಸ್‌ಎಂಪಿಎಸ್, ಅಂದರೆ ಕರೆಂಟು ಕೊಡುವ ಡಬ್ಬಿ ಮಾತ್ರ. ಹಳೆಯ ಮೆಕ್ಯಾನಿಕ್ ಯಾರಾದರೂ ಇದ್ದರೆ ತೋರಿಸಿ. ಬೋರ್ಡಿಗೆ ಎರಡು ಪವರ್ ಕನೆಕ್ಟರ್ ಅಕ್ಕಪಕ್ಕ ಹೋಗುವ ಕಾಲದ್ದು ಅದು. ಕಪ್ಪು ತಂತಿಗಳು ನಡುವೆ ಒಂದಕ್ಕೊಂದು ತಾಗಿಕೊಂಡು ಇರಬೇಕು. ಅದಲು ಬದಲಾದರೆ ಬೋರ್ಡ್ ಸುಟ್ಟಿತು ಅಂತಲೇ. ಬೋರ್ಡಿನ ಮೇಲೆ ಸಣ್ಣ ಪೀಪಾಯಿ ಆಕಾರದ ಬ್ಯಾಟರಿ ಇದ್ದು, ಸುತ್ತ ಹಸಿರು ಕಿಲುಬು ಕಂಡರೆ ಅದನ್ನು ಮೊದಲು ತೆಗೆಸಿ. ಬೋರ್ಡೇ ಹೋಗಿದ್ದರೂ ಜಿಸ್ಟ್ ಕಾರ್ಡನ್ನು ಬಿಚ್ಚಿ, ಗುಜರಿಗೆ ಹೋಗದ ಹಾಗೆ ಒಂದು ಡಬ್ಬಿಯಲ್ಲಿ ಹಾಕಿ ಹೆಸರು ಬರೆದಿಡಿ. ಅದನ್ನು ಚುಚ್ಚುವ ಸ್ಲಾಟು ಇರುವ ಹಳೆಯ ಬೋರ್ಡು ಸಿಕ್ಕಿದ ದಿನ, ಆ ಹಿರಿಯರು ನೋಡುತ್ತಿದ್ದ ಪರದೆಯನ್ನೇ ನೀವು ನೋಡಬಹುದು. ಡೊಂಬಿವಲಿಗೆ ನಾನೇ ರೈಲು ಹತ್ತಿ ಬರುತ್ತೇನೆ.

ಸದ್ಯಕ್ಕೆ ಡಿಬಿಎಫ್ ಫೈಲಿನ ಮೊದಲ ಇಪ್ಪತ್ತು ಸಾಲು ಹುಡುಗನಿಂದ ಪರಿವರ್ತನೆ ಮಾಡಿಸಿ ಕಳಿಸಿ. ಸದಸ್ಯರ ಫೋನು, ವಿಳಾಸ ಬೇಡ, ಪುಸ್ತಕದ ಪಟ್ಟಿ ಸಾಕು. ಹೆಸರು ಮಧ್ಯದಲ್ಲಿ ತುಂಡಾದದ್ದು ಕಂಡರೆ ಅದು ಹುಡುಗನ ತಪ್ಪೋ, ಅಥವಾ ಕಾಲಮ್ಮಿನ ಅಗಲ ಸಾಲದೆ ಅವತ್ತೇ ತುಂಡಾದದ್ದೋ ಅನ್ನುವುದನ್ನು ನೋಡಿ ಹೇಳುತ್ತೇನೆ. ಅವತ್ತೇ ತುಂಡಾಗಿದ್ದರೆ ಯಾವ ಎಮ್ಯುಲೇಟರೂ ಏನೂ ಮಾಡಲಾರದು, ನೀವು ಎದ್ದು ಹೋಗಿ ಕಪಾಟಿನಿಂದ ಆ ಪುಸ್ತಕವನ್ನೇ ತೆಗೆದು ನೋಡಬೇಕು.